ಸಣ್ಣ ಈರುಳ್ಳಿಗೆ ಮರಳೇ ಇರಲಿ

ನನ್ನ ಮಡಿಗಳ ಮಣ್ಣನ್ನು ಒದ್ದೆ ಮಾಡಿ ಎಷ್ಟು ಹಿಸುಕಿದರೂ ಉಂಡೆ ಕಟ್ಟುವುದಿಲ್ಲ. ಮುಷ್ಟಿ ಬಿಚ್ಚಿದೊಡನೆ ಉದುರುತ್ತದೆ. ನೋಡಿದವರೆಲ್ಲ ಕೊಡುವ ಸಲಹೆ ಒಂದೇ: ಜೇಡಿಮಣ್ಣು ತಂದು ಸುರಿಯಿರಿ. ನಾನು ಸುರಿಯುವುದಿಲ್ಲ. ಬೇರೆ ಬೆಳೆಗಳ ಮಾತು ಬೇರೆ, ಸಾಂಬಾರ್ ಈರುಳ್ಳಿ ಎನ್ನುವ ಈ ಸಣ್ಣ ಈರುಳ್ಳಿಗೆ ಮರಳಿನಿಂದ ಉಪಕಾರವೇ ಹೆಚ್ಚು. ಗಡ್ಡೆಯ ಸುತ್ತ ನೀರು ನಿಲ್ಲದ ಕಾರಣ ಕೊಳೆಯುವ ಭಯ ಕಡಿಮೆ. ಕೀಳುವಾಗ ಗುದ್ದಲಿ ಬೇಡ, ಗೊಂಚಲು ಸಲೀಸಾಗಿ ಕೈಗೆ ಬರುತ್ತದೆ. ಮರಳಿನ ತಕರಾರು ಒಂದೇ: ಹಾಕಿದ ಯಾವುದನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ.

ಗಿಡವನ್ನು ಕಿತ್ತು ಬೇರನ್ನು ನೋಡಿದರೆ ಈ ತಕರಾರು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ದಾರದಂಥ ಬಿಳಿ ಬೇರುಗಳು. ಕವಲು ಕಡಿಮೆ, ನೀರು ಹೀರುವ ಕೂದಲಿನಂಥ ಬೇರುರೋಮ ತೀರಾ ವಿರಳ. ಬಹುಪಾಲು ಮೇಲಿನ 20–30 ಸೆಂ.ಮೀ. ಒಳಗೇ ಇರುತ್ತವೆ. ನೀರು ಆ ಪದರವನ್ನು ದಾಟಿದರೆ ಗಿಡಕ್ಕೆ ದಕ್ಕದು. ಹೋಗುವ ನೀರು ನೈಟ್ರೇಟ್, ಪೊಟ್ಯಾಷ್, ಬೋರಾನ್, ಗಂಧಕದಂಥ ಪೋಷಕಾಂಶಗಳನ್ನೆಲ್ಲ ಹೊತ್ತುಕೊಂಡೇ ಹೋಗುತ್ತದೆ. ಈರುಳ್ಳಿಗೆ ಘಾಟು ಬರುವುದು ಗಂಧಕದ ಸಂಯುಕ್ತಗಳಿಂದ. ಗಂಧಕ ತೊಳೆದುಹೋದ ಮಡಿಯ ಗಡ್ಡೆ ಸಪ್ಪೆಯಾಗಿರುತ್ತದೆ.

ಹಾಗಾಗಿ ನೀರನ್ನೂ ಸಾರವನ್ನೂ ಹಿಡಿದಿಡುವ ಕಳಿತ ಗೊಬ್ಬರವನ್ನು (ಕಾಂಪೋಸ್ಟ್) ಬೇರು ಇರುವಲ್ಲಿಗೇ ಕೊಡುತ್ತೇನೆ. ಮಡಿಯ ಮೇಲೆ 5 ಸೆಂ.ಮೀ. ದಪ್ಪಕ್ಕೆ ಹರಡಿ, ಮೇಲಿನ 15–20 ಸೆಂ.ಮೀ. ಮಣ್ಣಿನಲ್ಲಿ ಬೆರೆಸುತ್ತೇನೆ. ಒಂದು ಚದರ ಮೀಟರಿಗೆ 50 ಲೀಟರ್ ಬೇಕಾಗುತ್ತದೆ. ಲೆಕ್ಕ ಹಾಕಿದವರು ಒಮ್ಮೆ ಬೆಚ್ಚುತ್ತಾರೆ. ಅದಕ್ಕಿಂತ ಆಳಕ್ಕೆ ಅಗೆದು ಹೂಳುವುದು ಬೆನ್ನುನೋವಿಗೆ ದಾರಿಯೇ ಹೊರತು ಬೆಳೆಗೆ ಲಾಭವಿಲ್ಲ.

ಪ್ರಮಾಣಕ್ಕಿಂತ ನಾನು ಹಟ ಹಿಡಿಯುವುದು ಗೊಬ್ಬರ ಕಳಿತಿರಬೇಕು ಎಂಬುದಕ್ಕೆ. ಹಸಿ ಸಗಣಿ ಹಾಕಿದ ಮಡಿಯಲ್ಲಿ ಸೊಪ್ಪು ಸೊಂಪಾಗಿ ಏಳುತ್ತದೆ, ಗಡ್ಡೆ ಮಾತ್ರ ತಡವಾಗುತ್ತದೆ. ಗಡ್ಡೆ ಸೊಪ್ಪಿಗೆ ಸೇರುವ ಕತ್ತು ದಪ್ಪಗೇ ಉಳಿದು, ಕಿತ್ತ ಮೇಲೆ ಬಾಳಿಕೆ ಬರುವುದಿಲ್ಲ. ಹಸಿ ಸಗಣಿಯ ವಾಸನೆಗೆ ಈರುಳ್ಳಿ ನೊಣವೂ ಬರಬಹುದು, ಅದರ ಮರಿಹುಳುಗಳು ಗಡ್ಡೆಯನ್ನು ತಿನ್ನುತ್ತವೆ. ಕಳಿತ ಗೊಬ್ಬರ ಮುಟ್ಟಿದರೆ ಬಿಸಿ ಇರುವುದಿಲ್ಲ, ಮೂಗಿಗೆ ಅಮೋನಿಯಾ ಹೊಡೆಯುವುದಿಲ್ಲ, ಅದರಲ್ಲಿ ಹುಲ್ಲು ಯಾವುದು ಎಲೆ ಯಾವುದು ಎಂದು ಗುರುತು ಸಿಗುವುದಿಲ್ಲ. ಈ ಮೂರು ಲಕ್ಷಣಗಳಲ್ಲಿ ಒಂದು ಕಾಣದಿದ್ದರೂ ರಾಶಿಯನ್ನು ಮಗುಚಿ ಇನ್ನಷ್ಟು ಕಾಯುತ್ತೇನೆ.

ಮರದ ಹೊಟ್ಟನ್ನಂತೂ ಮಣ್ಣಿಗೆ ಬೆರೆಸಲೇಬಾರದು. ಗೊಬ್ಬರದ ರಾಶಿಗೆ ಒಂದು ಪಾಲು ಸಾರಜನಕಕ್ಕೆ 25–30 ಪಾಲು ಇಂಗಾಲ ಹದವಾದರೆ, ಹೊಟ್ಟಿನಲ್ಲಿ ಇಂಗಾಲ ನೂರಾರು ಪಾಲು. ಅದನ್ನು ಅರಗಿಸಿಕೊಳ್ಳಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಅಲ್ಪಸ್ವಲ್ಪ ಸಾರಜನಕವನ್ನೂ ಬಳಸಿಕೊಳ್ಳುತ್ತವೆ, ಗಿಡ ಹಳದಿಗೆ ತಿರುಗುತ್ತದೆ. ಒಣಹುಲ್ಲು, ತರಗೆಲೆಗಳನ್ನು ಮುಚ್ಚಿಗೆಯಾಗಿ ಮೇಲಷ್ಟೇ ಹಾಸುತ್ತೇನೆ.

ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಳ್ಳುತ್ತದೆ, ಮರಳಿಗೆ ಬೇಕಾದದ್ದೇ ಅದು. ಆದರೆ ಅದರಲ್ಲಿ ಉಪ್ಪಿನಂಶ ಇರಬಹುದು, ಈರುಳ್ಳಿ ಜಾತಿಗೆ ಉಪ್ಪು ಆಗದು. ಸಿಹಿನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ ಬಳಸಬೇಕು. ಪೋಷಕಾಂಶ ಅದರಲ್ಲಿ ಅತ್ಯಲ್ಪ, ಜೊತೆಗೆ ಎರೆಹುಳು ಗೊಬ್ಬರ ಇರಲೇಬೇಕು. ಬೂದಿಯ ವಿಷಯದಲ್ಲಿ ನಾನು ಜಿಪುಣ: ಮಣ್ಣಿನ ರಸಸಾರ (ಹುಳಿ–ಕ್ಷಾರದ ಅಳತೆ, pH) 6ರಿಂದ 7ರ ನಡುವೆ ಇದ್ದರೆ ಸಾಕು, ಬೂದಿ ಅದನ್ನು ಮೇಲಕ್ಕೆ ಎಳೆಯುತ್ತದೆ. ಮಡಿ ಖಾಲಿ ಬಿದ್ದಿದ್ದರೆ ಹಸಿರೆಲೆ ಗೊಬ್ಬರದ ಗಿಡವಾದ ಅಪ್ಪಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸುತ್ತೇನೆ. ಅದು ಕಳಿಯಲು ಕೆಲವು ವಾರ ಬಿಟ್ಟೇ ಗಡ್ಡೆ ನೆಡುವುದು.

ಇಷ್ಟೆಲ್ಲ ಮಾಡಿದರೆ ಮಣ್ಣು ಯಾವಾಗ ಸರಿಹೋಗುತ್ತದೆ ಎಂದು ಕೇಳುವವರಿದ್ದಾರೆ. ಸರಿಹೋಗಿ ಮುಗಿಯುವ ಕೆಲಸವಲ್ಲ ಇದು. ಮರಳಿನಲ್ಲಿ ಗಾಳಿ ಹೆಚ್ಚು, ಬಿಸಿಯೂ ಬೇಗ ಏರುತ್ತದೆ. ಹಾಕಿದ ಸಾವಯವ ಅಂಶ ಜೇಡಿ ನೆಲಕ್ಕಿಂತ ಬೇಗ ಕರಗುತ್ತದೆ. ಅದಕ್ಕೇ ಪ್ರತಿ ಬೆಳೆಗೂ ಮುನ್ನ ಮತ್ತೆ ಗೊಬ್ಬರ ಬೀಳಬೇಕು. ಈರುಳ್ಳಿ ಕಿತ್ತ ಮಡಿಗೆ ಬೀನ್ಸ್ ಬಂದರೂ ಅಷ್ಟೇ, ಸೊಪ್ಪು ಬಂದರೂ ಅಷ್ಟೇ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಮಾತ್ರ ಮೂರು ವರ್ಷ ಅದೇ ಮಡಿಗೆ ತರುವುದಿಲ್ಲ.