ಯುಗಾದಿಗೆ ಶುರುವಾದ ಉಳಿತಾಯ ಜೂನ್‌ಗೆ ಯಾಕೆ ನಿಂತುಹೋಗುತ್ತದೆ?

"ಪ್ರತಿ ಯುಗಾದಿಗೂ ತಿಂಗಳಿಗೆ ಎರಡು ಸಾವಿರ ಎತ್ತಿಡೋಣ ಅಂದ್ಕೊಳ್ತೀವಿ. ಎರಡು ತಿಂಗಳು ಆಗುತ್ತೆ, ಆಮೇಲೆ ನಿಂತೇಹೋಗುತ್ತೆ. ನಮ್ಮಂಥವರ ಸಂಬಳದಲ್ಲಿ ಇದೆಲ್ಲ ಆಗೋ ಮಾತಾ?"

ಮನೆಖರ್ಚಿನ ಬಗ್ಗೆ ನಾಲ್ಕು ಜನರ ಎದುರು ಮಾತಾಡಿದಾಗಲೆಲ್ಲ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಆಗುವ ಮಾತೇ. ಆದರೆ ಆ ಎರಡು ಸಾವಿರ ಎಂಬ ಅಂಕಿಯೂ ತಪ್ಪು, ಯುಗಾದಿ ಎಂಬ ಮುಹೂರ್ತವೂ ತಪ್ಪು. ಯುಗಾದಿ ಬರುವುದು ಮಾರ್ಚ್ ಇಲ್ಲವೇ ಏಪ್ರಿಲ್‌ನಲ್ಲಿ. ಹಬ್ಬ ಮುಗಿಸಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್ ಒಟ್ಟಿಗೆ ಎದುರಾಗುತ್ತವೆ. ಎತ್ತಿಟ್ಟ ನಾಲ್ಕು ಸಾವಿರ ಅದಕ್ಕೇ ಹೋಗುತ್ತದೆ, ಮೇಲೊಂದಿಷ್ಟು ಕೈಸಾಲವೂ ಆಗುತ್ತದೆ. ಆಮೇಲೆ ಗಂಡ ಹೆಂಡತಿ ಇಬ್ಬರೂ "ನಮ್ಮ ಕೈಲಿ ದುಡ್ಡು ನಿಲ್ಲಲ್ಲ" ಅಂದುಕೊಂಡು ಕೈಬಿಡುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ತುಮಕೂರಿನಂಥ ಊರಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಕೈಗೆ ಬರುವುದು 24,000 ಎಂದಿಟ್ಟುಕೊಳ್ಳಿ. ಬಾಡಿಗೆ 6,500. ದಿನಸಿ ತರಕಾರಿ 5,500. ಹಾಲು ಮೊಸರು 1,700. ಸಿಲಿಂಡರ್ ಒಂದೂವರೆ ತಿಂಗಳು ಬಂದರೆ ತಿಂಗಳಿಗೆ 600. ಎರಡು ಮೊಬೈಲ್ ರೀಚಾರ್ಜ್ 700. ಪೆಟ್ರೋಲ್ 1,500. ಶಾಲೆಯ ವ್ಯಾನ್ 1,000. ಬೈಕಿನ ಕಂತು 3,200. ಊರಿನಲ್ಲಿರುವ ಅಪ್ಪ ಅಮ್ಮನಿಗೆ 1,500. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ. ಒಟ್ಟು 22,200, ಉಳಿಯುವುದು 1,800.

ಇಷ್ಟು ಲೆಕ್ಕ ಎಲ್ಲರೂ ಹಾಕುತ್ತಾರೆ, ಇಲ್ಲಿಗೇ ನಿಲ್ಲಿಸುತ್ತಾರೆ. ತಿಂಗಳ ಪಟ್ಟಿಗೆ ಸೇರದೆ ವರ್ಷಕ್ಕೊಮ್ಮೆ ಬರುವ ಖರ್ಚನ್ನು ಬರೆದವರು ಕಡಿಮೆ. ಅದನ್ನೂ ಬರೆಯಿರಿ: ಶಾಲೆಯ ಫೀಸು, ಪುಸ್ತಕ, ಬಟ್ಟೆ 14,000. ಹಬ್ಬಗಳು (ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿ, ಯುಗಾದಿ) ಸೇರಿ 8,000. ಬೈಕ್ ಸರ್ವಿಸ್ ಎರಡು ಸಲಕ್ಕೆ 2,400. ಬೈಕಿನ ವಿಮೆ 1,400. ಮದುವೆ, ಗೃಹಪ್ರವೇಶಗಳ ಮುಯ್ಯಿ 3,000. ಗಂಡ ಹೆಂಡತಿ ಇಬ್ಬರ ಪ್ರಧಾನಮಂತ್ರಿ ಜೀವನಜ್ಯೋತಿ (ಜೀವವಿಮೆ) ಮತ್ತು ಸುರಕ್ಷಾ ವಿಮೆ (ಅಪಘಾತ ವಿಮೆ) ತಲಾ 436 ಮತ್ತು 20, ಒಟ್ಟು 912. ಇನ್ನೊಂದು ಯಾರ ಕಣ್ಣಿಗೂ ಬೀಳದ ಖರ್ಚಿದೆ. ಮೊಬೈಲ್ ಪ್ಲ್ಯಾನ್ 28 ದಿನದ್ದು, ತಿಂಗಳದ್ದಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸುತ್ತೀರಿ. ಆ ಹದಿಮೂರನೆಯದು 700.

ಕೂಡಿದರೆ 30,412. ತಿಂಗಳಿಗೆ 1,800ರಂತೆ ವರ್ಷಕ್ಕೆ ಉಳಿಯುವುದು 21,600. ಅಂದರೆ ಉಳಿಯುತ್ತಿದೆ ಎಂದುಕೊಂಡಿದ್ದ ಮನೆಯಲ್ಲಿ ವರ್ಷಕ್ಕೆ 8,812 ರೂಪಾಯಿ ಕೊರತೆ ಇದೆ. ಜೂನ್‌ನಲ್ಲಿ ಒಡವೆ ಗಿರವಿಗೆ ಹೋಗುವುದು ಇದೇ ಕೊರತೆಗೆ. ಇಂಥ ಮನೆಯಲ್ಲಿ ಎರಡು ಸಾವಿರ ಉಳಿಸುವ ಪ್ರತಿಜ್ಞೆ ಮಾಡಿದರೆ ಅದು ಮೊದಲ ದಿನವೇ ಮುರಿದಿರುತ್ತದೆ; ಗೊತ್ತಾಗುವುದು ಮಾತ್ರ ಎರಡು ತಿಂಗಳ ನಂತರ.

ಹಾಗಾದರೆ ಮೊದಲ ಕೆಲಸ ಕೊರತೆ ಮುಚ್ಚುವುದು. ಇಲ್ಲಿ ಟೀ ಬಿಡಿ, ಸಿನಿಮಾ ಬಿಡಿ ಎಂಬ ಉಪದೇಶದಿಂದ ಉಪಯೋಗ ಕಡಿಮೆ. ದಿನಾ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಉಳಿತಾಯ ಬಹಳ ದಿನ ಬಾಳುವುದಿಲ್ಲ. ಒಮ್ಮೆ ಬದಲಿಸಿ ಮರೆತುಬಿಡಬಹುದಾದ್ದನ್ನು ಹುಡುಕಿ. ಮನೆಯಲ್ಲೇ ಹೆಚ್ಚಾಗಿ ಇರುವ ಎರಡನೇ ಫೋನಿಗೆ ದಿನದ ಡೇಟಾ ಬೇಡ. ಕರೆ ಮಾತ್ರ ಇರುವ ಪ್ಲ್ಯಾನಿಗೆ ಇಳಿಸಿ ಸಲಕ್ಕೆ 150 ಉಳಿದರೆ ಹದಿಮೂರು ಸಲಕ್ಕೆ 1,950. ಹೆಂಡತಿಯನ್ನು ಕೆಲಸಕ್ಕೆ ಬೈಕಿನಲ್ಲಿ ಬಿಟ್ಟುಬರುವ ಬದಲು ಅವರು ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋದರೆ (2023ರ ಜೂನ್ 11ರಿಂದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಇಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಸಾಕು) ಪೆಟ್ರೋಲಿನಲ್ಲಿ ತಿಂಗಳಿಗೆ 350, ವರ್ಷಕ್ಕೆ 4,200. ಹಬ್ಬದ ಖರ್ಚು 8,000ದಿಂದ 5,500ಕ್ಕೆ. ಎಲ್ಲ ಹಬ್ಬಕ್ಕೂ ಎಲ್ಲರಿಗೂ ಹೊಸ ಬಟ್ಟೆ ಎಂಬುದನ್ನು ಒಂದೇ ಹಬ್ಬಕ್ಕೆ ಇಳಿಸಿದರೆ ಇದು ಕಷ್ಟವಲ್ಲ. ಮೇಲಿನ ತರಗತಿಗೆ ಹೋದವರ ಹಳೆಯ ಪುಸ್ತಕ ತೆಗೆದುಕೊಂಡರೆ 1,500. ಒಟ್ಟು 10,150.

ಕೊರತೆ ತುಂಬಿ ಮಿಕ್ಕಿದ್ದು ವರ್ಷಕ್ಕೆ 1,338, ತಿಂಗಳಿಗೆ 111 ರೂಪಾಯಿ. ಈ ಮನೆ ನಿಜವಾಗಿ ಉಳಿಸಬಹುದಾದದ್ದು ಇಷ್ಟು. ನಗಬೇಡಿ. ಅಂಚೆ ಕಚೇರಿಯ ಆರ್‌ಡಿ (ತಿಂಗಳಿಗೆ ಇಷ್ಟು ಎಂದು ಕಟ್ಟುತ್ತಾ ಹೋಗುವ ಠೇವಣಿ) ಶುರುವಾಗುವುದೇ ತಿಂಗಳಿಗೆ 100 ರೂಪಾಯಿಯಿಂದ.

ಈಗ ಮುಹೂರ್ತದ ವಿಷಯ. ಮೇಲಿನಂತೆ ಇಳಿಸಿದ ವರ್ಷದ ಖರ್ಚಿಗೆಂದು ತಿಂಗಳಿಗೆ 2,190 ಬೇರೆ ಇಡಬೇಕು. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಮೇ ಕೊನೆಗೆ ಇರುವುದು 4,380. ಹಳೆಯ ಪುಸ್ತಕ ತಂದ ಮೇಲೂ ಶಾಲೆಗೇ ಬೇಕಾದ್ದು 12,500. ಮುರಿಯದೆ ಇನ್ನೇನು? ಅದೇ ಜುಲೈನಲ್ಲಿ, ಫೀಸಿನ ಗಲಾಟೆ ಮುಗಿದ ಮೇಲೆ ಶುರು ಮಾಡಿ. ಶ್ರಾವಣದಿಂದ ಯುಗಾದಿಯವರೆಗಿನ ಹಬ್ಬ, ಬೈಕಿನ ವಿಮೆ, ಸರ್ವಿಸ್, ಮುಯ್ಯಿ, ಹದಿಮೂರನೇ ರೀಚಾರ್ಜ್ ಎಲ್ಲ ಕಳೆದು ಮೇ ಕೊನೆಗೆ ಸುಮಾರು 11,200 ಇರುತ್ತದೆ. ಜೂನ್ ತಿಂಗಳದ್ದೂ ಸೇರಿದರೆ ಶಾಲೆಯ 12,500, ಜೀವನಜ್ಯೋತಿ, ಸುರಕ್ಷಾ ವಿಮೆಗಳ 912 ಎರಡೂ ಸರಿಹೋಗುತ್ತವೆ. ಅರ್ಧ ಫೀಸನ್ನು ಜೂನ್ ಎರಡನೇ ವಾರ ಕಟ್ಟುತ್ತೇವೆಂದು ಮೊದಲೇ ಶಾಲೆಯಲ್ಲಿ ಕೇಳಿಡಿ. ಕೊನೆಯ ದಿನ ಕೇಳಿದರೆ ಒಪ್ಪುವುದು ಕಷ್ಟ.

ಆ 912ರ ಬಗ್ಗೆ ಒಂದು ಮಾತು. ಈ ಎರಡೂ ವಿಮೆಗಳ ವರ್ಷ ಜೂನ್ 1ರಿಂದ ಮೇ 31. ಹಣ ಖಾತೆಯಿಂದ ತಾನಾಗಿ ಕಡಿತವಾಗುವುದು ಮೇ ಕೊನೆಯ ವಾರದಲ್ಲಿ, ಅಂದರೆ ಖಾತೆ ಬರಿದಾಗಿರುವ ಹೊತ್ತಿಗೇ ಸರಿಯಾಗಿ. ಒಬ್ಬರ 456 ರೂಪಾಯಿ ಇಲ್ಲದ್ದಕ್ಕೆ ತಲಾ ಎರಡು ಲಕ್ಷದ ಎರಡೂ ರಕ್ಷಣೆ ಕಡಿದುಹೋಗುತ್ತದೆ. ಮತ್ತೆ ಸೇರಿದರೆ ಜೀವನಜ್ಯೋತಿಯಲ್ಲಿ ಮೊದಲ 30 ದಿನ ಅಪಘಾತದ ಸಾವಿಗೆ ಬಿಟ್ಟು ಬೇರೆ ಸಾವಿಗೆ ಪರಿಹಾರವಿಲ್ಲ. ಮೇ 20ಕ್ಕೇ ಆ ಹಣ ಖಾತೆಗೆ ಹಾಕಿ ಮುಟ್ಟದೆ ಬಿಡಿ.

ವರ್ಷದ ಖರ್ಚಿನ ಹಣ ಎಲ್ಲಿಡಬೇಕು? ಅಜ್ಜಿಯರ ಕಾಲದ ಸಾಸಿವೆ ಡಬ್ಬಿ ಕೆಟ್ಟ ಉಪಾಯವೇನೂ ಅಲ್ಲ. ಸಾಸಿವೆಯೊಳಗೆ ಕೈ ಹಾಕಿ ತೆಗೆಯುವಷ್ಟು ಹೊತ್ತಿಗೆ ಇದು ಬೇಕಾ ಎಂಬ ಯೋಚನೆ ಬರುತ್ತಿತ್ತು. ಈಗ ಆ ಅಡ್ಡಿಯೇ ಇಲ್ಲ, ಸಂಬಳದ ಖಾತೆಗೇ ಯುಪಿಐ ಜೋಡಿಸಿರುತ್ತೇವೆ. ಬೇರೆ ಬ್ಯಾಂಕಿನಲ್ಲಿ ಕನಿಷ್ಠ ಮೊತ್ತದ ಷರತ್ತಿಲ್ಲದ ಖಾತೆ ತೆರೆದು, ಅದಕ್ಕೆ ಯುಪಿಐ ಜೋಡಿಸದೆ, ಎಟಿಎಂ ಕಾರ್ಡನ್ನು ಬೀರುವಿನಲ್ಲಿಡಿ. ಕನಿಷ್ಠ ಮೊತ್ತ ಇರಬೇಕಾದ ಖಾತೆಯಾದರೆ ಉಳಿಸಿದ್ದು ದಂಡಕ್ಕೇ ಹೋಗುತ್ತದೆ, ತೆರೆಯುವ ಮುನ್ನ ಕೇಳಿ.

ಹತ್ತು ಇಪ್ಪತ್ತರ ಸ್ಕ್ಯಾನ್ ಖರ್ಚಿಗೆ ಯುಪಿಐ ಲೈಟ್ (ಯುಪಿಐ ಆ್ಯಪ್‌ನಲ್ಲೇ ಇರುವ, ಮೊದಲೇ ಹಣ ತುಂಬಿಡುವ ಪರ್ಸು) ಒಳ್ಳೆಯ ಬೇಲಿ. ಸೋಮವಾರ ಬೆಳಿಗ್ಗೆ ವಾರದ ಖರ್ಚಿನ ಹಣವನ್ನಷ್ಟೇ ಅದಕ್ಕೆ ತುಂಬಿ, ಅಂಗಡಿಯಲ್ಲಿ ಅದರಿಂದ ಮಾತ್ರ ಕೊಡಿ. ಶುಕ್ರವಾರಕ್ಕೇ ಖಾಲಿಯಾದರೆ ಎರಡು ದಿನ ಮನೆಯಲ್ಲಿರುವುದರಲ್ಲೇ ಅಡುಗೆ. ಖಾಲಿಯಾದಾಗ ತಾನಾಗಿ ಹಣ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಮಾತ್ರ ಬಂದ್ ಮಾಡಿರಬೇಕು, ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ.

ಆರ್‌ಡಿ ತೆರೆಯುವಾಗ ತಾರೀಖು ನೋಡಿ. ತಿಂಗಳ 1ರಿಂದ 15ರೊಳಗೆ ತೆರೆದರೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು. 16ರ ನಂತರ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ. ಸಂಬಳ ಒಮ್ಮೊಮ್ಮೆ ಹತ್ತು, ಹನ್ನೆರಡಕ್ಕೆ ಜಾರುವವರು 16ರ ನಂತರವೇ ತೆರೆಯುವುದು ಜಾಣತನ. ಒಂದು ತಿಂಗಳು ತಪ್ಪಿದರೆ ದಂಡ ನೂರಕ್ಕೆ ಒಂದು ರೂಪಾಯಿ, ಅಷ್ಟೇ. ಬಹಳ ಜನ ಒಂದು ಕಂತು ತಪ್ಪಿದ ಕೂಡಲೇ ಎಲ್ಲ ಹೋಯಿತೆಂದು ಅತ್ತ ತಲೆಹಾಕುವುದೇ ಇಲ್ಲ. ಖಾತೆ ನಿಲ್ಲುವುದು ಸತತ ನಾಲ್ಕು ಕಂತು ತಪ್ಪಿದ ಮೇಲೆ. ಆಮೇಲೂ ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಜೀವ ಕೊಡಬಹುದು. ಬ್ಯಾಂಕಿನಲ್ಲಿ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಮರಳಿದರೆ ಸಲಕ್ಕೆ ನೂರಾರು ರೂಪಾಯಿ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ. ಇನ್ನೂರರ ಉಳಿತಾಯಕ್ಕೆ ಅದಕ್ಕಿಂತ ದೊಡ್ಡ ದಂಡ ಕಟ್ಟಿದವರೂ ಇದ್ದಾರೆ. ಕಡಿತದ ದಿನವನ್ನು ಸಂಬಳದ ದಿನಕ್ಕೇ ಇಡಬೇಡಿ, ನಾಲ್ಕೈದು ದಿನ ಅಂತರ ಇರಲಿ.

ಶೇ. 6.7ರ ಬಡ್ಡಿಯಲ್ಲಿ ತಿಂಗಳಿಗೆ ನೂರರಂತೆ ಐದು ವರ್ಷ ಕಟ್ಟಿದರೆ ಸುಮಾರು 7,136 ಬರುತ್ತದೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ನೀವು ತೆರೆದ ದಿನದ ದರವೇ ಕೊನೆಯವರೆಗೆ ನಿಮಗೆ. ತೊಡಕೊಂದಿದೆ: ಮೂರು ವರ್ಷಕ್ಕೆ ಮೊದಲು ಮುಚ್ಚುವಂತಿಲ್ಲ, ಆಮೇಲೆ ಅವಧಿಗೆ ಮುಂಚೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಹಾಗಾಗಿ ಆಸ್ಪತ್ರೆಗೆಂದು ಇಟ್ಟ ಹಣವನ್ನು ಇದರಲ್ಲಿ ಹಾಕಬೇಡಿ. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದವರೆಗೆ ಸಾಲ ಸಿಗುತ್ತದೆ, ಆರ್‌ಡಿ ಬಡ್ಡಿಗಿಂತ ಎರಡು ಶೇಕಡಾ ಹೆಚ್ಚಿಗೆ. ವರ್ಷಕ್ಕೆ ಶೇ. 8.7 ಎಂದಾಯಿತು. ಬೀದಿಯ "ಮೂರು ರೂಪಾಯಿ ಬಡ್ಡಿ" ಕೇಳಲು ಚಿಕ್ಕದು. ಅದು ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ. 36.

ಚೀಟಿ ಹಾಕಬಹುದಾ ಎಂದೂ ಕೇಳುತ್ತಾರೆ. ಇಪ್ಪತ್ತು ಜನ ತಿಂಗಳಿಗೆ ಸಾವಿರದಂತೆ ಹಾಕಿ 20,000 ಸೇರುವ ಚೀಟಿಯಲ್ಲಿ ಒಬ್ಬರು ಮೂರು ಸಾವಿರ ಬಿಟ್ಟು 17,000ಕ್ಕೆ ಕೂಗಿದರೆ, ಅದರಲ್ಲಿ ಸಾವಿರ ನಡೆಸುವವರ ಕಮಿಷನ್, ಉಳಿದ ಎರಡು ಸಾವಿರ ಹಂಚಿ ಎಲ್ಲರಿಗೂ ನೂರು ರೂಪಾಯಿ. ಮೊದಲೇ ಕೂಗಿ ಎತ್ತಿಕೊಂಡವರಿಗೆ ಇದು ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾಗಿದ್ದರೆ, ಕಮಿಷನ್ ಶೇ. 7 ಮೀರದಿದ್ದರೆ ಯೋಚಿಸಬಹುದು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯಲ್ಲಿ ಪರಿಚಯದ ಮೇಲೆ ನಡೆಯುವ ಚೀಟಿಗೆ ಮಗಳ ಫೀಸಿನ ಹಣ ಹಾಕಬೇಡಿ. ನಡೆಸುವವರು ಎಷ್ಟೇ ಒಳ್ಳೆಯವರಿರಲಿ, ಎತ್ತಿಕೊಂಡ ನಾಲ್ಕು ಜನ ಕಟ್ಟುವುದನ್ನು ನಿಲ್ಲಿಸಿದರೆ ಅವರೂ ಏನೂ ಮಾಡಲಾರರು.

ಗೃಹಲಕ್ಷ್ಮಿಯ 2,000ವನ್ನು ಮೇಲಿನ ಆದಾಯಕ್ಕೆ ಸೇರಿಸಿಲ್ಲ, ಬೇಕೆಂದೇ. ಅದು ಪ್ರತಿ ತಿಂಗಳು ಒಂದೇ ದಿನ ಬರುವ ಹಣವಲ್ಲ. ಕೆಲವೊಮ್ಮೆ ತಡವಾಗಿ, ಎರಡು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅದನ್ನು ನಂಬಿ ಹೊಸ ಕಂತು ಹಾಕಿಕೊಂಡರೆ ತಡವಾದ ತಿಂಗಳು ಕೈಸಾಲ. ಬಂದಾಗ ಬಂದಷ್ಟನ್ನೂ ಆಸ್ಪತ್ರೆಯ ಹಣವೆಂದು ಬೇರೆ ಇಡಿ. ಗೃಹಜ್ಯೋತಿಯಲ್ಲೂ ಎಚ್ಚರ ಬೇಕು: 200 ಯೂನಿಟ್ ದಾಟಿದ ತಿಂಗಳು ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ನಿಮ್ಮದು. ರೀಡಿಂಗ್ ಆದ ಹದಿನೈದನೇ ದಿನ ಮೀಟರ್ ನೋಡಿ. ಆಗಲೇ ನೂರು ಸಮೀಪಿಸಿದ್ದರೆ ಗೀಸರ್‌ಗೆ ರಜೆ ಕೊಡಿ.

ದುಡ್ಡಿಗೆ ಸಂಬಂಧಿಸದ ಸಂಕಲ್ಪಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಹೋಟೆಲಿಗೆ ಹೋಗುವುದೇ ಇಲ್ಲ ಎಂಬುದು ಮೊದಲ ಮಸಾಲೆ ದೋಸೆಗೇ ಮುಗಿಯುತ್ತದೆ. ತಿಂಗಳ ಮೊದಲ ಭಾನುವಾರ ಮಾತ್ರ ಎಂದರೆ ಮಕ್ಕಳೇ ಲೆಕ್ಕ ಇಡುತ್ತಾರೆ. ಜಿಮ್‌ಗೆ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಮೂರು ತಿಂಗಳು ಬೆಳಿಗ್ಗೆ ಬಿಡದೆ ನಡೆದು ತೋರಿಸಿದ ಮೇಲೆ ಆ ಮಾತು.

ಇಷ್ಟೆಲ್ಲ ಮಾಡಿ ಐದು ವರ್ಷಕ್ಕೆ ಏಳು ಸಾವಿರವಾ ಎಂದು ಕೇಳಿದರೆ, ಈ ಮನೆಯ ದೊಡ್ಡ ಮೊತ್ತ ಇರುವುದು ಬೈಕಿನ ಕಂತಿನಲ್ಲಿ. ಅದು ಮುಗಿಯುವ ದಿನ ತಿಂಗಳಿಗೆ 3,200 ಬಿಡುವಾಗುತ್ತದೆ. ಅಲ್ಲಿಯವರೆಗಿನ ಸಂಕಲ್ಪ ಒಂದೇ, ಹೊಸ ಕಂತು ಬೇಡ. ಟಿವಿ, ಮೊಬೈಲ್ ಅಂಗಡಿಯವರು ಸೊನ್ನೆ ಬಡ್ಡಿ ಎಂದು ಕರೆಯುವುದು ಅದೇ ಹೊತ್ತಿಗೆ. ಕೊನೆಯ ಕಂತು ಹೋದ ಮರುತಿಂಗಳು, ಅದೇ ತಾರೀಖಿಗೆ, 1,500ರ ಇನ್ನೊಂದು ಆರ್‌ಡಿ ತೆರೆಯಿರಿ. ಐದು ವರ್ಷಕ್ಕೆ 1,07,000 ಆಗುತ್ತದೆ. ಉಳಿದ 1,700ರಲ್ಲಿ ಸಾವಿರ ಆಸ್ಪತ್ರೆಯ ಹಣಕ್ಕೆ. ಏಳುನೂರನ್ನು ಮನೆಯವರು ಕೂತು ತೀರ್ಮಾನಿಸಲಿ, ಹಬ್ಬಕ್ಕೆ ಕಡಿತ ಮಾಡಿದ್ದರಲ್ಲಿ ಒಂದಿಷ್ಟು ವಾಪಸ್ ಕೊಟ್ಟರೂ ತಪ್ಪಿಲ್ಲ.