ನೀಲಿ ಪೆಟ್ಟಿಗೆ

29 ಡಿಸೆಂಬರ್ 2024, ಭಾನುವಾರ, ಲಂಡನ್

ಹೊರಟಿದ್ದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ, ಡೈನೋಸಾರ್ ನೋಡೋಕೆ. ಕ್ಯೂ ನೋಡಿ ತಲೆ ತಿರುಗ್ತು, ಚಳಿ ಬೇರೆ, ಮಗನ್ನ ಪುಸಲಾಯಿಸ್ಕೊಂಡು ಪಕ್ಕದ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂ ಒಳಗೆ ನುಗ್ಗಿದ್ವಿ.

ಅಲ್ಲಿ ಸಿಕ್ಕಿದ್ದು ಬೆಕೆಟ್ ಪೆಟ್ಟಿಗೆ. ಸ್ಕೂಲ್ ಸ್ಕೇಲ್‌ನಷ್ಟು ಎತ್ತರ, ಹೆಂಚಿನ ಮನೆ ತರ ಇಳಿಜಾರು ಮಾಡು, ಎಂಥಾ ನೀಲಿ ಅಂದ್ರೆ ಕಣ್ಣು ಅಲ್ಲೇ ಅಂಟ್ಕೊಳ್ತು. ಹತ್ರ ಹೋಗಿ ನೋಡಿದ್ರೆ ಕೊಲೆ! ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಅಂದ್ರೆ ಚರ್ಚಿನ ಹಿರಿಯ ಧರ್ಮಗುರು, ಥಾಮಸ್ ಬೆಕೆಟ್ ಆಲ್ಟರ್ (ಚರ್ಚಿನ ಪೂಜೆ ಪೀಠ) ಮುಂದೆ ನಿಂತಿದಾನೆ, ಹಿಂದಿಂದ ನೈಟ್‌ಗಳು, ರಾಜನ ಕಡೆ ಯೋಧರು, ಕತ್ತಿ ಹಿಡ್ಕೊಂಡು ಬಂದಿದಾರೆ, ಪಕ್ಕದಲ್ಲಿ ಇಬ್ರು ಪಾದ್ರಿಗಳು ಕೈ ಎತ್ಕೊಂಡು ಕಂಗಾಲು. ಮೇಲೆ ಮಾಡಿನ ಭಾಗದಲ್ಲಿ ಅವನ ಅಂತ್ಯಕ್ರಿಯೆ, ಆತ್ಮ ಸ್ವರ್ಗಕ್ಕೆ ಹೋಗೋದು. ನಿಜವಾಗಿ ಬಂದಿದ್ದು ನಾಲ್ಕು ಜನ, ಇಲ್ಲಿರೋದು ಮೂರೇ, ಜಾಗ ಸಾಲ್ಲಿಲ್ವೇನೋ ಪಾಪ.

ಮಾಡಿದ್ದು ಫ್ರಾನ್ಸಿನ ಲಿಮೋಜ್‌ನಲ್ಲಿ, 1180ರ ಆಸುಪಾಸು. ನಮ್ಮಲ್ಲಿ ಒಡವೆಗೆ ಮೀನಾ ಕೆಲ್ಸ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ವಿದ್ಯೆ. ತಾಮ್ರದ ತಗಡಲ್ಲಿ ಗುಳಿ ಕೆತ್ತಿ, ಮಧ್ಯೆ ತೆಳ್ಳಗೆ ಗೋಡೆ ಬಿಟ್ಟು, ಬಣ್ಣದ ಗಾಜಿನ ಪುಡಿ ತುಂಬಿ ಕುಲುಮೆಗೆ ಇಡೋದು, ಕರಗಿದ ಮೇಲೆ ಪುಡಿ ತಗ್ಗುತ್ತೆ, ಮತ್ತೆ ತುಂಬಿ ಮತ್ತೆ ಸುಡೋದು, ಆಮೇಲೆ ಸಮ ಆಗೋವರೆಗೂ ಉಜ್ಜಿ ಉಳಿದ ತಾಮ್ರಕ್ಕೆ ಚಿನ್ನದ ಲೇಪ. ಈ ಬೆಕೆಟ್ ಕತೆದೇ ಲಿಮೋಜ್ ಪೆಟ್ಟಿಗೆಗಳು ನಲವತ್ತಕ್ಕೂ ಹೆಚ್ಚು ಉಳಿದಿವೆಯಂತೆ. 1173ರಲ್ಲಿ ಅವನನ್ನ ಸಂತ ಅಂತ ಘೋಷಿಸಿದ್ದೇ ತಡ, ಅವನ ಪವಿತ್ರ ಅವಶೇಷ ಇಡೋಕೆ ಎಲ್ರಿಗೂ ಪೆಟ್ಟಿಗೆ ಬೇಕಾಯ್ತು.

ನನಗೆ ತಮಾಷೆ ಅನ್ಸಿದ್ದು ಬೇರೆ. ಕ್ಯಾಂಟರ್‌ಬರಿಯಲ್ಲಿ ಅವನಿಗೆ ಚಿನ್ನ, ರತ್ನ ಹಚ್ಚಿದ ದೊಡ್ಡ ಸಮಾಧಿ ಇತ್ತು, 1538ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಅದನ್ನ ಒಡೆಸಿ ಬೆಲೆಬಾಳೋದನ್ನೆಲ್ಲ ಬಾಚ್ಕೊಂಡ. ಈ ಪೆಟ್ಟಿಗೆ ಒಳಗೆ ಮರ, ಹೊರಗೆ ತಾಮ್ರ, ಮೇಲೆ ಗಾಜು. ಕರಗಿಸಿದ್ರೆ ಯಾರಿಗೇನು ಸಿಗುತ್ತೆ ಹೇಳಿ?

ಕತೆ ಕೇಳಿ ಮಗ, "ಅಮ್ಮಾ, ಆ ಕತ್ತಿ ಅಂಕಲ್‌ಗಳನ್ನ ಪೊಲೀಸ್ ಹಿಡೀಲಿಲ್ವಾ?" ಪೋಪ್ ಅವರನ್ನ ಪ್ರಾಯಶ್ಚಿತ್ತಕ್ಕೆ ಜೆರುಸಲೇಮ್ ಕಡೆ ಕಳಿಸಿದ್ರಂತೆ ಕಣೋ ಅಂದೆ. "ಅಷ್ಟೇನಾ?" ಅಂದ.

ರಾತ್ರಿ ಪಾತ್ರೆ ತೊಳೆದು ಫೋನ್ ಹಿಡ್ಕೊಂಡು ಕೂತಾಗ ಗೊತ್ತಾಯ್ತು, ಬೆಕೆಟ್‌ನ ಕೊಂದಿದ್ದು 1170ರ ಡಿಸೆಂಬರ್ 29, ಇವತ್ತಿನ ದಿನಾನೇ. ಡೈನೋಸಾರ್ ಇನ್ನೂ ಬಾಕಿ ಇದೆ.