ಮೌಸ್ ಚಕ್ರದ ಒಂದು ಹಲ್ಲು

ಹೊಸ ವಿಷುಯಲ್ ನಾವೆಲ್ (ಚಿತ್ರ, ಸದ್ದುಗಳ ಜೊತೆ ಸಾಲುಸಾಲಾಗಿ ಓದುತ್ತ ಹೋಗುವ ಕಥೆಯಾಟ) ತೆರೆದಾಗ ನಾನು ಮೊದಲು ಮಾಡುವ ಕೆಲಸಕ್ಕೂ ಅದರ ಕಥೆಗೂ ಸಂಬಂಧವಿಲ್ಲ. ನಾಲ್ಕೈದು ಸಾಲುಗಳನ್ನು ಕ್ಲಿಕ್ ಮಾಡುತ್ತ ದಾಟಿ, ಮೌಸ್‌ನ ಚಕ್ರವನ್ನು ಒಂದೇ ಒಂದು ಹಲ್ಲಿನಷ್ಟು ಮೇಲಕ್ಕೆ ತಿರುಗಿಸುತ್ತೇನೆ. ಏನೂ ಆಗದೆ ಇರಬಹುದು. ಅದುವರೆಗಿನ ಮಾತುಗಳ ಪಟ್ಟಿಯೊಂದು ಪರದೆಯ ಮೇಲೆ ಹರಡಿಕೊಳ್ಳಬಹುದು. ಇಲ್ಲವೇ ದೃಶ್ಯವೇ ಒಂದು ಹೆಜ್ಜೆ ಹಿಂದೆ ಸರಿದು, ನಗುತ್ತಿದ್ದ ಪಾತ್ರದ ಮುಖ ಮತ್ತೆ ಗಂಭೀರವಾಗಿ, ಹಿಂದಿನ ಸಾಲು ತನ್ನ ಜಾಗಕ್ಕೆ ಮರಳಬಹುದು. ಕೊನೆಯದು ನಡೆದರೆ ಆಟ ಬಹುಶಃ ರೆನ್‌ಪೈ ಎಂಬ ಎಂಜಿನ್‌ನಲ್ಲಿ, ಅಂದರೆ ಇಂಥ ಆಟಗಳನ್ನು ಕಟ್ಟಿ ನಡೆಸುವ ತಂತ್ರಾಂಶದಲ್ಲಿ, ತಯಾರಾದದ್ದು ಎಂದುಕೊಂಡು ಕುರ್ಚಿಗೆ ನೆಮ್ಮದಿಯಾಗಿ ಒರಗುತ್ತೇನೆ.

ಎಂಜಿನ್ ಎನ್ನುವುದು ತಯಾರಕರ ತಲೆನೋವು, ಆಡುವವರಿಗೆ ಅದರ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಓಡುವ, ಹಾರುವ, ಗುಂಡು ಹೊಡೆಯುವ ಆಟಗಳ ಮಟ್ಟಿಗೆ ಆ ಮಾತು ಸರಿಯಿದ್ದೀತು. ಆದರೆ ವಿಷುಯಲ್ ನಾವೆಲ್‌ನಲ್ಲಿ ನಾವು ಮಾಡುವುದು ಹೆಚ್ಚಾಗಿ ಓದುವ ಕೆಲಸ. ಮುಂದಿನ ಸಾಲಿಗೆ ಹೋಗುವುದು, ಕೈತಪ್ಪಿ ದಾಟಿದ ಸಾಲಿಗೆ ಮರಳುವುದು, ಓದಿದ್ದನ್ನು ಹಾರಿಸುವುದು, ನಿಲ್ಲಿಸಿದ ಜಾಗವನ್ನು ಗುರುತಿಟ್ಟುಕೊಳ್ಳುವುದು ಇಷ್ಟನ್ನೇ ಹತ್ತಾರು ಗಂಟೆಗಳ ಕಾಲ ಮಾಡುತ್ತಿರುತ್ತೇವೆ, ಮತ್ತು ಇವುಗಳಲ್ಲಿ ಹೆಚ್ಚಿನವು ಹೇಗೆ ನಡೆಯಬೇಕೆಂಬುದನ್ನು ಕಥೆ ಬರೆದವರಿಗಿಂತ ಮೊದಲೇ ಎಂಜಿನ್ ತೀರ್ಮಾನಿಸಿರುತ್ತದೆ. ಹಾಗಾಗಿ ಇಂಥ ಎಂಜಿನ್ ನನಗಿಷ್ಟ ಎಂದು ಆಟಗಾರರು ಹೇಳಿದಾಗ ಅವರ ಮನಸ್ಸಿನಲ್ಲಿರುವುದು ತಂತ್ರಜ್ಞಾನವಲ್ಲ, ಬೆರಳುಗಳಿಗೆ ಅಂಟಿದ ರೂಢಿ ಎಂಬುದು ನನ್ನ ಅನಿಸಿಕೆ.

ರೆನ್‌ಪೈಯನ್ನು ಟಾಮ್ ರಾಥಮೆಲ್ 2004ರಲ್ಲಿ ಮೊದಲು ಬಿಡುಗಡೆ ಮಾಡಿದರು. ಪ್ರೇಮ ಎಂಬರ್ಥದ ಜಪಾನಿ ಪದ 'ರೆನ್‌ಆಯ್' ಮತ್ತು ಪೈಥಾನ್ ಭಾಷೆಯ ಹೆಸರು ಕೂಡಿ ಆದ ಹೆಸರದು. ಅದರಲ್ಲಿ ಆಟಗಾರರು ಹಚ್ಚಿಕೊಂಡಿರುವ ಗುಣ ಯಾವುದೆಂದು ಕೇಳಿದರೆ ನಾನು ಅನುಮಾನವಿಲ್ಲದೆ ರೋಲ್‌ಬ್ಯಾಕ್ ಎನ್ನುತ್ತೇನೆ. ಕಥೆ ಒಂದೊಂದು ಹೆಜ್ಜೆ ಮುಂದೆ ಹೋದಂತೆಲ್ಲ ಆಟದ ಸ್ಥಿತಿಯಲ್ಲಿ ಏನು ಬದಲಾಯಿತೆಂಬುದನ್ನು ಎಂಜಿನ್ ದಾಖಲಿಸುತ್ತ ಹೋಗುತ್ತದೆ. ನಾವು ಚಕ್ರ ತಿರುಗಿಸಿದಾಗ ಆ ದಾಖಲೆಯನ್ನು ಹಿಂದುಮುಂದಾಗಿ ಓದಿ ಎಲ್ಲವನ್ನೂ ಮೊದಲಿದ್ದಂತೆ ಮಾಡುತ್ತದೆ. ಸಾಲು ಮತ್ತು ಚಿತ್ರ ಮಾತ್ರವಲ್ಲ, ತೆರೆಮರೆಯ ಲೆಕ್ಕಗಳೂ ಹಿಂದೆ ಸರಿಯುತ್ತವೆ. ನಾನು ಆಯ್ದ ಉತ್ತರದಿಂದ ನಾಯಕಿಯ ಮೆಚ್ಚುಗೆ ಒಂದು ಅಂಕ ಏರಿದ್ದರೆ ಅದು ಇಳಿಯುತ್ತದೆ, ಅವಳು ಕೊಟ್ಟ ಬೀಗದ ಕೈ ನನ್ನ ಜೇಬಿನಿಂದ ಮಾಯವಾಗುತ್ತದೆ, ಆಯ್ಕೆಯ ಪಟ್ಟಿ ಏನೂ ಆಗಿಲ್ಲವೆಂಬಂತೆ ಮತ್ತೆ ಎದುರಿಗೆ ನಿಲ್ಲುತ್ತದೆ. ತಯಾರಕರು ಬದಲಿಸದಿದ್ದರೆ ಹೀಗೆ 100 ಹೆಜ್ಜೆಗಳವರೆಗೆ ಹಿಂದೆ ಹೋಗಬಹುದು.

ಇದಕ್ಕೆ ಎದುರಾಗಿ ನಿಲ್ಲುವುದು ಜಪಾನಿನ ಎಂಜಿನ್‌ಗಳಲ್ಲಿ ಹೆಚ್ಚು ರೂಢಿಯಲ್ಲಿರುವ ಬ್ಯಾಕ್‌ಲಾಗ್. ಅಲ್ಲಿ ಚಕ್ರ ತಿರುಗಿಸಿದರೆ ಕಳೆದ ಮಾತುಗಳ ದಾಖಲೆಯಷ್ಟೇ ಸಿಗುತ್ತದೆ. ಧ್ವನಿ ಇರುವ ಆಟಗಳಲ್ಲಿ ಪ್ರತಿ ಸಾಲಿನ ಪಕ್ಕದ ಗುರುತನ್ನು ಒತ್ತಿ ಆ ಮಾತನ್ನು ಮತ್ತೆ ಕೇಳಬಹುದು. ಆದರೆ ಕಥೆ ನಿಂತಲ್ಲೇ ನಿಂತಿರುತ್ತದೆ, ಮಾಡಿದ ಆಯ್ಕೆ ಮಾಡಿದ್ದೇ. ಈ ಎರಡರ ನಡುವಿನ ವ್ಯತ್ಯಾಸ ಸಣ್ಣದೆಂದು ಮೊದಮೊದಲು ನನಗೂ ಅನಿಸಿತ್ತು. ಈಗ ಯೋಚಿಸಿದರೆ ಅವು ಓದುಗನನ್ನು ಕಾಣುವ ಬಗೆಯೇ ಬೇರೆ. ಬ್ಯಾಕ್‌ಲಾಗ್ ನಮ್ಮನ್ನು ಸಾಕ್ಷಿಯಾಗಿ ಕೂರಿಸುತ್ತದೆ: ಆಡಿದ ಮಾತು ಕೇಳಬಹುದು, ಹಿಂತೆಗೆದುಕೊಳ್ಳುವಂತಿಲ್ಲ. ರೋಲ್‌ಬ್ಯಾಕ್ ಪುಟ ಮಗುಚುವವರ ಸಲಿಗೆ ಕೊಡುತ್ತದೆ. ಆ ಸಲಿಗೆಯಿಂದ ಆಯ್ಕೆಗಳ ತೂಕ ಇಳಿಯುತ್ತದೆಂದು ಆಕ್ಷೇಪಿಸುವ ಆಟಗಾರರೂ ಇದ್ದಾರೆ. ಅವರ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಬೇಕಾದ ಕಡೆ ಹಿಂದಿರುಗುವ ದಾರಿ ಮುಚ್ಚುವುದಕ್ಕೆ, ಅಥವಾ ಹಿಂದೆ ಹೋಗಲು ಬಿಟ್ಟು ಆಯ್ಕೆಯನ್ನು ಮಾತ್ರ ಬದಲಿಸದಂತೆ ತಡೆಯುವುದಕ್ಕೆ ರೆನ್‌ಪೈಯಲ್ಲೇ ಏರ್ಪಾಡಿದೆ. ಒಂದು ಕೊಲೆಯ ಅಥವಾ ವಿದಾಯದ ಮುಂದೆ ಚಕ್ರ ಸುಮ್ಮನೆ ಉಳಿದಾಗ ಕೈಗೆ ತಟ್ಟುವ ಆ ಸಣ್ಣ ಗಾಬರಿ ನನಗೆ ಇಷ್ಟ. ಅದುವರೆಗೆ ಬಾಗಿಲು ತೆರೆದಿದ್ದದ್ದರಿಂದಲೇ ಮುಚ್ಚಿದ್ದು ಗೊತ್ತಾಗುತ್ತದೆ.

ಸಾಲುಗಳನ್ನು ಹಾರಿಸುವ ಸ್ಕಿಪ್ ವಿಷಯದಲ್ಲಿ ಮಾತ್ರ ನನಗೆ ಇಂಥ ಉದಾರತೆ ಇಲ್ಲ. ಹಲವು ದಾರಿಗಳಿರುವ ಕಥೆಯಲ್ಲಿ ಎರಡನೆಯ ಸಲ ಆಡುವಾಗ ಮೊದಲ ಭಾಗವೆಲ್ಲ ಓದಿದ್ದೇ ಆಗಿರುತ್ತದೆ. ಓದಿದ ಸಾಲುಗಳನ್ನು ಭರದಿಂದ ದಾಟಿ, ಓದದ ಮೊದಲ ಸಾಲು ಬಂದೊಡನೆ ತಾನಾಗಿ ನಿಲ್ಲುವುದು ಎಂಜಿನ್‌ನ ಧರ್ಮ. ಒಂದು ಆಟ, ಸ್ವಂತದ ಎಂಜಿನ್ ಕಟ್ಟಿಕೊಂಡದ್ದು, ಆ ವಿವೇಚನೆಯಿಲ್ಲದೆ ಓಡುತ್ತಿತ್ತು. ಹೊಸ ದಾರಿ ಹಿಡಿದೆನೆಂಬ ಖುಷಿಯಲ್ಲಿ ಕಂಟ್ರೋಲ್ ಕೀ ಒತ್ತಿ ಹಿಡಿದಿದ್ದೆ. ಪರದೆಯ ಮೇಲೆ ಮಳೆ, ಒಂದು ಸೇತುವೆ, ಅದುವರೆಗೆ ಕಾಣದ ಒಂದು ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋದವು. ಬೆರಳು ತೆಗೆಯುವ ಹೊತ್ತಿಗೆ ಯಾರೋ ಅಳುತ್ತಿದ್ದರು, ಯಾಕೆಂದು ತಿಳಿಯಲಿಲ್ಲ. ಬ್ಯಾಕ್‌ಲಾಗ್ ತೆರೆದರೆ ಸ್ಕಿಪ್ ಮಾಡಿದ ಸಾಲುಗಳು ಅದರಲ್ಲಿ ಸೇರಿಯೇ ಇರಲಿಲ್ಲ. ಹಿಂದಿನ ಸೇವ್‌ನಿಂದ ಮತ್ತೆ ಮುಕ್ಕಾಲು ಗಂಟೆ ಕುಳಿತು ಆ ಅಳುವಿನ ಕಾರಣ ಹುಡುಕಿದೆ. ರೆನ್‌ಪೈಯಲ್ಲಿ ಯಾವ ಸಾಲು ಓದಿಯಾಗಿದೆ ಎಂಬುದು ಸೇವ್‌ಗಳ ಹೊರಗೆ ಶಾಶ್ವತವಾಗಿ ಉಳಿಯುವ ಕಡತದಲ್ಲಿ ದಾಖಲಾಗುತ್ತದೆ, ಓದದ ಸಾಲನ್ನೂ ಹಾರಿಸಬೇಕೆಂದರೆ ಆಟಗಾರನೇ ಆಯ್ಕೆಗಳ ಪುಟಕ್ಕೆ ಹೋಗಿ ಅನುಮತಿ ಕೊಡಬೇಕು. ಇದೇನೂ ರೆನ್‌ಪೈಯ ಆವಿಷ್ಕಾರವಲ್ಲ, ಜಪಾನಿನ ಹಳೆಯ ಎಂಜಿನ್‌ಗಳಿಂದ ಬಂದ ಸಂಪ್ರದಾಯ. ಆದರೆ ಅದನ್ನು ಎಲ್ಲ ಆಟಕ್ಕೂ ಪುಕ್ಕಟೆಯಾಗಿ ಹಂಚಿದ್ದು ಅದರ ದೊಡ್ಡ ಉಪಕಾರ.

ಎಲ್ಲ ಬಗೆಯ ಆಟಗಳಿಗೂ ಬಳಸುವ ಯೂನಿಟಿಯಂಥ ಎಂಜಿನ್‌ಗಳ ಬಗ್ಗೆ ಓದುಗ ವರ್ಗದಲ್ಲಿರುವ ಅಳುಕಿನ ಮೂಲವೂ ಇಲ್ಲೇ ಇದೆ. ಯೂನಿಟಿ ಕೆಟ್ಟದ್ದೆಂದಲ್ಲ, ಅದಕ್ಕೆ ತಾನು ಕಥೆ ಹೇಳುತ್ತಿದ್ದೇನೆಂಬುದೇ ಗೊತ್ತಿಲ್ಲ. ಬ್ಯಾಕ್‌ಲಾಗ್, ಸ್ಕಿಪ್, ಸೇವ್ ಪುಟ ಎಲ್ಲವನ್ನೂ ತಂಡ ಹೊಸದಾಗಿ ಕಟ್ಟಬೇಕು, ಇಲ್ಲವೇ ನಾನಿನಾವೆಲ್‌ನಂಥ ಸಿದ್ಧ ವಿಸ್ತರಣೆಯನ್ನು ತಂದು ಜೋಡಿಸಬೇಕು. ನಾನಿನಾವೆಲ್ ಜೋಡಿಸಿದವರಿಗೆ ರೋಲ್‌ಬ್ಯಾಕ್ ಕೂಡ ಸಿಗುತ್ತದೆ. ಹೊಸದಾಗಿ ಕಟ್ಟಿದವರ ಆಟದಲ್ಲಿ ಯಾವುದು ಮರೆತುಹೋಗಿದೆಯೆಂಬುದು ಆಡಿಯೇ ತಿಳಿಯಬೇಕು. ಚಿಕ್ಕ ಕಥೆಯೊಂದಕ್ಕೆ ದೊಡ್ಡ ಡೌನ್‌ಲೋಡ್, ತೆರೆಯಲು ಹಿಡಿಯುವ ಹೊತ್ತು ಎಂಬ ದೂರುಗಳೂ ಇವೆ. ನನ್ನ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಅವನ್ನು ಅನುಮೋದಿಸುತ್ತದೆ. ಟೈರಾನೋಸ್ಕ್ರಿಪ್ಟ್ ಎಂಬ ಇನ್ನೊಂದು ಎಂಜಿನ್‌ನಲ್ಲಿ ಮಾಡಿದ ಆಟಗಳು ಬ್ರೌಸರಿನಲ್ಲೇ ತೆರೆಯುತ್ತವೆ, ಹತ್ತು ನಿಮಿಷದ ಕಥೆಗೆ ಅದೇ ಅನುಕೂಲ.

ಹಳೆಯ ಕೃತಿಗಳಿಗೆ ಬಂದರೆ ಎಂಜಿನ್‌ನ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಹಿಗುರಾಶಿ ಎಂಬ ಜಪಾನಿ ವಿಷುಯಲ್ ನಾವೆಲ್ 2002ರಲ್ಲಿ ಹೊರಬರಲು ತೊಡಗಿದಾಗ ಬಳಸಿದ್ದು ಎನ್‌ಸ್ಕ್ರಿಪ್ಟರ್ ಎಂಬ ಎಂಜಿನ್. ಆ ಕಥೆಯಲ್ಲಿ ಆಯ್ಕೆಗಳೇ ಇಲ್ಲದ್ದರಿಂದ ಅದಕ್ಕೆ ಪಠ್ಯ, ಚಿತ್ರ, ಸದ್ದು ತೋರಿಸಿದರೆ ಸಾಕಿತ್ತು. 2004ರ ಫೇಟ್/ಸ್ಟೇ ನೈಟ್ ಎಂಬ ಆಟ ಬಳಸಿದ್ದು ಕಿರಿಕಿರಿ ಎಂಬ ಎಂಜಿನ್ (ಹೆಸರು ಕೇಳಿ ನಗಬೇಡಿ, ಕಿರಿಕಿರಿಯೇನೂ ಕೊಡುವುದಿಲ್ಲ). ಆ ಕಾಲದ ಜಪಾನಿ ಆಟಗಳು ವಿಂಡೋಸ್‌ಗಾಗಿ, ಅದೂ ಜಪಾನಿ ಭಾಷೆಗೆ ಹೊಂದಿಸಿದ ವಿಂಡೋಸ್‌ಗಾಗಿ ಬರೆದಂಥವು. ಬೇರೆ ಕಡೆ ತೆರೆದರೆ ಶಿಫ್ಟ್-ಜಿಸ್ ಎಂಬ ಜಪಾನಿ ಅಕ್ಷರ ಸಂಕೇತದಲ್ಲಿ ಬರೆದ ಅಕ್ಷರಗಳೆಲ್ಲ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತಿದ್ದವು, ಆಟ ತೆರೆಯದೆಯೇ ಹೋಗುವುದೂ ಇತ್ತು. ಇದಕ್ಕೆ ದಾರಿ ಹುಡುಕಿದವರು ಹವ್ಯಾಸಿಗಳು: ಎನ್‌ಸ್ಕ್ರಿಪ್ಟರ್‌ನ ಕಡತಗಳನ್ನು ಓದಬಲ್ಲ ಓಎನ್‌ಸ್ಕ್ರಿಪ್ಟರ್ ಎಂಬ ಮುಕ್ತ ತಂತ್ರಾಂಶ ಹುಟ್ಟಿಕೊಂಡು, ಅದೇ ಕಥೆಗಳು ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್‌ಗಳಲ್ಲಿ, ಕೊನೆಗೆ ಪಿಎಸ್‌ಪಿ ಎಂಬ ಕೈಯಾಟದ ಯಂತ್ರದಲ್ಲೂ ತೆರೆದುಕೊಂಡವು. ಆಟ ಮಾಡಿದವರು ಮುಂದೆ ಬೆರಳೆತ್ತದಿದ್ದರೂ ಕೃತಿ ಓದಲು ಸಿಗುತ್ತಲೇ ಇರುತ್ತದೆ. ಕಥೆಯ ಕಡತ ಬೇರೆ, ಅದನ್ನು ಓದಿಸುವ ಯಂತ್ರ ಬೇರೆ ಎಂಬಂತೆ ಕಟ್ಟಿದ ಎಂಜಿನ್‌ಗಳನ್ನು ಹಳೆಯ ಆಟಗಾರರು ಹುಡುಕಿ ಮೆಚ್ಚುವುದಕ್ಕೆ ಇದೇ ಕಾರಣವಿರಬೇಕು.

ಆ ತೆರೆದ ಸ್ವಭಾವ ಕಥೆಯ ಒಳಗೂ ಬಂದದ್ದುಂಟು. 2017ರ ಡೋಕಿ ಡೋಕಿ ಲಿಟರೇಚರ್ ಕ್ಲಬ್ ರೆನ್‌ಪೈಯಲ್ಲಿ ಮಾಡಿದ ಆಟ. ಅದರ ಫೋಲ್ಡರಿನಲ್ಲಿ ಪಾತ್ರಗಳ ಹೆಸರಿನ ಕಡತಗಳಿವೆ, ಅವುಗಳಿಗೂ ಕಥೆಗೂ ಇರುವ ನಂಟನ್ನು ಇನ್ನೂ ಆಡದವರ ಸಲುವಾಗಿ ಇಲ್ಲಿ ಬಿಡಿಸಿ ಹೇಳುವುದಿಲ್ಲ. 2021ರಲ್ಲಿ ಅದರ ವಿಸ್ತೃತ ರೂಪ ಯೂನಿಟಿಗೆ ವರ್ಗವಾಗಿ ಕನ್ಸೋಲ್‌ಗಳಿಗೂ ಬಂದಾಗ, ಅಂಥ ಫೋಲ್ಡರನ್ನು ತೆರೆಯುವ ಅನುಭವ ಉಳಿಸಲು ಆಟದೊಳಗೇ ಒಂದು ನಕಲಿ ಕಂಪ್ಯೂಟರಿನ ಪರದೆ ಕಟ್ಟಬೇಕಾಯಿತು. ಮೂಲ ಆಟದಲ್ಲಿ ಫೋಲ್ಡರು ನನ್ನದೇ ಆಗಿತ್ತು, ಹಾಗಾಗಿ ಭಯವೂ ನನ್ನದಾಗಿತ್ತು. ನಕಲಿ ಪರದೆಯಲ್ಲಿ ಅದು ಜಾಣತನವಾಗಿ ಕಂಡಿತು, ಭಯವಾಗಲಿಲ್ಲ.

ರೆನ್‌ಪೈಯ ಮೇಲಿನ ದೂರೂ ಹಳೆಯದು: ಎಲ್ಲ ಆಟಗಳೂ ಒಂದೇ ಥರ ಕಾಣುತ್ತವೆ. ಒಂದು ಪುಟಕ್ಕೆ ಆರು ಸೇವ್ ಚೌಕಗಳು, ಕೆಳಗೆ ಒಂದರಿಂದ ಒಂಬತ್ತರವರೆಗಿನ ಪುಟ ಸಂಖ್ಯೆ, ಎಡಕ್ಕೆ ಅದೇ ಮೆನು. ಬಣ್ಣ ಕೂಡ ಬದಲಿಸದೆ ಬಿಟ್ಟವರ ಆಟ ನೋಡಿದಾಗ ಉಳಿದ ಕೆಲಸದಲ್ಲೂ ಅವಸರವಿದ್ದೀತೆಂಬ ಗುಮಾನಿ ಹುಟ್ಟುವುದು ಸಹಜ. ಆದರೆ 2023ರ ಸ್ಲೇ ದಿ ಪ್ರಿನ್ಸೆಸ್ ಕೂಡ ಇದೇ ಎಂಜಿನ್‌ನದು. ಪೆನ್ಸಿಲ್ ಗೀಟುಗಳು ಅಲುಗಾಡುವ ಅದರ ಪರದೆ ನೋಡಿ ಯಾರೂ ಹಾಗೆ ಊಹಿಸಲಾರರು. ನಾನು ಊಹಿಸಿದ್ದು ಚಕ್ರ ತಿರುಗಿಸಿಯೇ.

ಕಡೆಯದಾಗಿ ಒಂದು ಕೀಯ ವಿಷಯ. ರೆನ್‌ಪೈಯ ಆಟದಲ್ಲಿ 'ವಿ' ಒತ್ತಿದರೆ ಕಂಪ್ಯೂಟರಿನ ಧ್ವನಿ ಪರದೆಯ ಮೇಲಿನ ಸಾಲುಗಳನ್ನೂ ಮೆನುವಿನ ಗುಂಡಿಗಳನ್ನೂ ಓದಿ ಹೇಳತೊಡಗುತ್ತದೆ. ಶಿಫ್ಟ್ ಜೊತೆ 'ಎ' ಒತ್ತಿದರೆ ಅಕ್ಷರದ ಗಾತ್ರ, ಸಾಲುಗಳ ಅಂತರ ಬದಲಿಸುವ ಪುಟ ತೆರೆಯುತ್ತದೆ. ನಾನು ಮೊದಲ ಸಲ 'ವಿ' ಒತ್ತಿದ್ದು ಕೈತಪ್ಪಿ, ನಡುರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಭಾವವಿಲ್ಲದ ಆ ಧ್ವನಿ ನಾಯಕಿಯ ಪ್ರೇಮ ನಿವೇದನೆಯನ್ನು ರೈಲ್ವೆ ಪ್ರಕಟಣೆಯಂತೆ ಓದಿತು. ಬೆಚ್ಚಿಬಿದ್ದು ಆರಿಸಿದೆ. ಆಮೇಲೆ ಕಣ್ಣಿಗೆ ಸೋಂಕಾಗಿ ಒಂದು ವಾರ ಪರದೆ ನೋಡಲಾಗದೆ ಕುಳಿತಾಗ, ಅರ್ಧಕ್ಕೆ ನಿಂತಿದ್ದ ಕಥೆಯನ್ನು ಅದೇ ಧ್ವನಿಯಲ್ಲಿ ಕೇಳಿ ಮುಗಿಸಿದೆ. ತಪ್ಪಿದ ಸಾಲನ್ನು ಮತ್ತೆ ಕೇಳಬೇಕಾದಾಗ ಕಣ್ಣು ಮುಚ್ಚಿಕೊಂಡೇ ಚಕ್ರವನ್ನು ಒಂದು ಹಲ್ಲು ತಿರುಗಿಸುತ್ತಿದ್ದೆ.